ಯಾರು ಕದ್ದರೆ ಯಾವ ಮಾತು?

ಇಂಗ್ಲಿಷ್ ಭಾಷೆಯಲ್ಲಿ ಕಳ್ಳತನವನ್ನು ಹೇಳುವ ಮಾತುಗಳನ್ನು ಎಣಿಸಹೊರಟರೆ ಎರಡು ಕೈಯ ಬೆರಳುಗಳು ಸಾಲುವುದಿಲ್ಲ. ಸ್ಟೀಲ್, ರಾಬ್, ಥೆಫ್ಟ್, ಪಿಲ್ಫರ್, ಬರ್ಗ್ಲರಿ, ಲಾರ್ಸೆನಿ, ಎಂಬೆಜಲ್‌ಮೆಂಟ್, ಚೀಟಿಂಗ್, ಎಕ್ಸ್‌ಟಾರ್ಷನ್, ಪ್ಲಂಡರ್, ಲೂಟ್ - ಇನ್ನೂ ಇವೆ. ಶಬ್ದಸಂಪತ್ತು ಭಾಷೆಗೆ ಭೂಷಣವೆಂದು ಪಂಡಿತರು ಹೇಳುತ್ತಾರೆ. ಇರಬಹುದು. ಆದರೆ ಇವು ನಿಘಂಟಿನಲ್ಲಿ ಸುಮ್ಮನೆ ಮಲಗಿರುವ ಮಾತುಗಳಲ್ಲ. ಗಿರಣಿಯ ಗೇಟಿನಲ್ಲಿ, ಪೊಲೀಸ್ ಠಾಣೆಯಲ್ಲಿ, ಬ್ಯಾಂಕಿನ ಕಾಗದದಲ್ಲಿ ಒಬ್ಬನಿಗೆ ಒಂದು ಮಾತು, ಇನ್ನೊಬ್ಬನಿಗೆ ಇನ್ನೊಂದು ಮಾತು ಎಂದು ಇವು ಹಂಚಿಕೆಯಾಗುತ್ತವೆ. ಕೂಲಿಕಾರನ ಪಾಲಿಗೆ ಯಾವುದು ಬಂತು, ಧಣಿಯ ಪಾಲಿಗೆ ಯಾವುದು ಬಂತು ಎಂಬುದನ್ನು ಓದುಗರು ಒಮ್ಮೆ ನಮ್ಮ ಜೊತೆ ಕುಳಿತು ನೋಡಬೇಕು.

ನಾವು ಪಾಠಶಾಲೆಯಲ್ಲಿದ್ದಾಗ ಹುಡುಗರಿಂದ ಸ್ಟೀಲ್, ಸ್ಟೋಲ್, ಸ್ಟೋಲನ್ ಎಂದು ಬಾಯಿಪಾಠ ಮಾಡಿಸುತ್ತಿದ್ದೆವು. ಸ್ಟೀಲ್ ಎಂದರೆ ಪಾತ್ರೆಯೂ ಹೌದು, ಕದಿಯುವುದೂ ಹೌದು ಎಂದು ತಿಳಿದಾಗ ಹುಡುಗರಿಗೆ ನಗು. ಅವರಿಗೆ ಕಷ್ಟವಾಗುತ್ತಿದ್ದದ್ದು ಸ್ಟೀಲ್ ಮತ್ತು ರಾಬ್ ಎಂಬ ಎರಡರ ಭೇದ. ಸ್ಟೀಲ್ ಮಾಡುವುದು ವಸ್ತುವನ್ನು. ರಾಬ್ ಮಾಡುವುದು ಮನುಷ್ಯನನ್ನು ಅಥವಾ ಮನೆಯನ್ನು. ಗಡಿಯಾರವನ್ನು ಸ್ಟೀಲ್ ಮಾಡಿದರು, ಗಡಿಯಾರದ ಯಜಮಾನನನ್ನು ರಾಬ್ ಮಾಡಿದರು. ಕನ್ನಡದಲ್ಲಿಯೂ ಹೀಗೆಯೇ ಅಲ್ಲವೆ? ಒಡವೆಯನ್ನು ಕದಿಯುತ್ತಾರೆ, ಮನೆಯನ್ನು ದೋಚುತ್ತಾರೆ, ಜನರನ್ನು ಸುಲಿಯುತ್ತಾರೆ. ಒಬ್ಬ ಹುಡುಗ ಬ್ಯಾಂಕನ್ನೇ ಸ್ಟೀಲ್ ಮಾಡಿದರು ಎಂದು ಬರೆದರೆ ನಾವು ಕೆಂಪು ಗೀಟು ಎಳೆಯುತ್ತಿದ್ದೆವು. ಹಾಗೆ ಬರೆದರೆ ಕಟ್ಟಡ ಸಮೇತ ಹೊತ್ತುಕೊಂಡು ಹೋದರು ಎಂದಾಗುತ್ತದೆ. ಆಮೇಲಿನ ದಿನಗಳ ಪತ್ರಿಕೆಗಳನ್ನು ಓದಿದರೆ ಆ ಹುಡುಗನ ವಾಕ್ಯಕ್ಕೂ ಒಂದು ಅರ್ಥವಿದೆಯೆನಿಸುತ್ತದೆ.

ಇದು ವ್ಯಾಕರಣದ ಮಾತಾಯಿತು. ಕಾಯಿದೆಯ ಮಾತು ಇದಕ್ಕಿಂತ ಸೂಕ್ಷ್ಮ. 1860ರ ಪೀನಲ್ ಕೋಡಿನಲ್ಲಿ ಬಂದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಹಾಗೆಯೇ ಉಳಿದಿರುವ ಥೆಫ್ಟಿನ ಲಕ್ಷಣ ಇಷ್ಟು: ಇನ್ನೊಬ್ಬರ ಕೈವಶದಲ್ಲಿರುವ ಚರವಸ್ತುವನ್ನು, ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ತೆಗೆದುಕೊಳ್ಳಲು ಕದಲಿಸಿದರೆ ಅದು ಕಳವು. 'ಕದಲಿಸಿದರೆ' ಎಂಬ ಮಾತನ್ನು ಗಿರಣಿಯ ಬಂಧುಗಳು ಗಮನಿಸಬೇಕು. ಗೇಟು ದಾಟಬೇಕಾಗಿಲ್ಲ. ಕದಿಯುವ ಉದ್ದೇಶವಿದ್ದು ಒಂದು ಬಾಬಿನನ್ನು ಇದ್ದ ಜಾಗದಿಂದ ಎತ್ತಿದರೂ ಸಾಕು. ಉದ್ದೇಶವಿಲ್ಲದಿದ್ದರೆ ಹತ್ತು ಬಾಬಿನು ಹೊತ್ತು ನಡೆದರೂ ಅದು ಕಳವಲ್ಲ. ಎಲ್ಲವೂ ಉದ್ದೇಶದ ಮೇಲೆ ನಿಂತಿದೆ. ಬಡವನ ಉದ್ದೇಶವನ್ನು ಜನ ಎಷ್ಟು ಬೇಗ ಊಹಿಸಿಬಿಡುತ್ತಾರೆಂಬುದು ನಿಮಗೆ ಗೊತ್ತೇ ಇದೆ.

ಕಳವಿಗೆ ಹೊಡೆತ ಬಡಿತ ಅಥವಾ ಅದರ ಬೆದರಿಕೆ ಸೇರಿದರೆ ರಾಬರಿ, ನಮ್ಮ ಪೊಲೀಸರ ಕನ್ನಡದಲ್ಲಿ ಸುಲಿಗೆ. ಐದು ಜನ ಸೇರಿ ಮಾಡಿದರೆ ಡಕಾಯಿತಿ. ನಾಲ್ವರಿದ್ದಾಗ ಸುಲಿಗೆಯಾಗಿದ್ದದ್ದು ಐದನೆಯವನು ಬಂದ ಕೂಡಲೆ ಜೀವಾವಧಿಯವರೆಗೆ ಹೋಗಬಹುದಾದ ದರೋಡೆಯಾಗುತ್ತದೆ. ಡಕಾಯಿತ ಎಂಬ ಮಾತನ್ನು ಇಂಗ್ಲಿಷರು ನಮ್ಮ ದೇಶದಿಂದಲೇ ಕೊಂಡೊಯ್ದರು. ಥಗ್ ಎಂಬುದನ್ನೂ, ಲೂಟ್ ಎಂಬುದನ್ನೂ ಹಿಂದಿಯಿಂದಲೇ ಕೊಂಡೊಯ್ದರು. ವಸ್ತುವಿನ ಜೊತೆ ಅದರ ಹೆಸರನ್ನೂ ಹೊತ್ತುಕೊಂಡು ಹೋದದ್ದು ಅಪರೂಪದ ಸಂಗತಿ. ಬರ್ಗ್ಲರಿ ಎಂದು ಪತ್ರಿಕೆಗಳು ಬರೆಯುತ್ತವೆಯಾದರೂ ನಮ್ಮ ದಂಡಸಂಹಿತೆ ಆ ಮಾತನ್ನು ಅಪರಾಧದ ಹೆಸರಾಗಿ ಇಟ್ಟುಕೊಂಡಿಲ್ಲ. ಅಲ್ಲಿ ಅದು ಮನೆ ಒಡೆಯುವುದು. ಹಳ್ಳಿಯವರಿಗೆ ಕನ್ನ ಎಂದರೆ ಸಾಕು, ಗೋಡೆಯ ತೂತು ಕಣ್ಣ ಮುಂದೆ ಬರುತ್ತದೆ.

ಈಗ ಮುಖ್ಯ ಸಂಗತಿಗೆ ಬರೋಣ. ಕಳವಿಗೂ ಎಂಬೆಜಲ್‌ಮೆಂಟಿಗೂ ಭೇದವೇನು? ಕಳ್ಳ ಇನ್ನೊಬ್ಬರ ಕೈಯಲ್ಲಿದ್ದುದನ್ನು ಕಸಿಯುತ್ತಾನೆ; ಎಂಬೆಜಲ್ ಮಾಡುವವನು ನಂಬಿ ತನ್ನ ಕೈಗೆ ಕೊಟ್ಟದ್ದನ್ನು ನುಂಗುತ್ತಾನೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಈ ಭೇದ ಸುಳ್ಳಲ್ಲ, ಇದರಲ್ಲಿ ತರ್ಕವಿದೆ. ಆದರೆ ಇಂಗ್ಲೆಂಡಿನಲ್ಲಿ ಈ ಮಾತು ಯಾರಿಗಾಗಿ ಕಾಯಿದೆಯ ಪುಸ್ತಕಕ್ಕೆ ಬಂತು ಎಂಬ ಕಥೆ ಕೇಳತಕ್ಕದ್ದು.

ಹಳೆಯ ಇಂಗ್ಲಿಷ್ ಕಾನೂನಿನಲ್ಲಿ ಕಳವಿಗೆ ಲಾರ್ಸೆನಿ ಎಂದು ಹೆಸರು. ಬೇರೆಯವರ ಕೈವಶದಿಂದ ಕಿತ್ತುಕೊಂಡರೆ ಮಾತ್ರ ಲಾರ್ಸೆನಿ. 1473ರಲ್ಲಿ ಒಬ್ಬ ಸಾಗಣೆಗಾರ ಪರದೇಶದ ವರ್ತಕನ ಮೂಟೆಗಳನ್ನು ಊರಿಗೆ ಮುಟ್ಟಿಸುತ್ತೇನೆಂದು ಪಡೆದು, ದಾರಿಯಲ್ಲಿ ಬಿಚ್ಚಿ ಮಾಲನ್ನು ತೆಗೆದುಕೊಂಡ. ವರ್ತಕನೇ ತನ್ನ ಕೈಯಾರೆ ಕೊಟ್ಟದ್ದಲ್ಲವೆ, ಇದು ಕಳವು ಹೇಗಾದೀತು ಎಂದು ವಾದ ನಡೆಯಿತು. ನ್ಯಾಯಾಧೀಶರು ಒಂದು ಉಪಾಯ ಹುಡುಕಿದರು: ಅವನಿಗೆ ಕೊಟ್ಟದ್ದು ಮೂಟೆಯನ್ನು, ಒಳಗಿನ ಮಾಲನ್ನಲ್ಲ, ಆದ್ದರಿಂದ ಮೂಟೆ ಒಡೆದ ಗಳಿಗೆಯಿಂದ ಕಳವು. ಒಡೆಯದೆ ಇಡೀ ಮೂಟೆಯನ್ನೇ ಮಾರಿದ್ದರೆ ಬಚಾವಾಗುತ್ತಿದ್ದನೇನೋ! ವ್ಯಾಪಾರದ ಬಂಧುಗಳು ಈ ತರ್ಕಕ್ಕೆ ನಗಬಹುದು. ಶತಮಾನಗಳ ಕಾಲ ಇದೇ ತರ್ಕ ನಡೆಯಿತು.

ಆಮೇಲೆ 1799 ಬಂತು. ಬೇಜ್ಲಿ ಎಂಬ ಬ್ಯಾಂಕಿನ ಗುಮಾಸ್ತ, ಗ್ರಾಹಕ ಕಟ್ಟಿದ ಹಣದಲ್ಲಿ ನೂರು ಪೌಂಡಿನ ಒಂದು ನೋಟನ್ನು ಗಲ್ಲಾಪೆಟ್ಟಿಗೆಗೆ ಹಾಕದೆ ಜೇಬಿಗಿಳಿಸಿದ. ನೋಟು ಗ್ರಾಹಕನ ಕೈಯಿಂದ ನೇರವಾಗಿ ಗುಮಾಸ್ತನ ಕೈಗೆ ಬಂತು; ಬ್ಯಾಂಕಿನ ಕೈವಶಕ್ಕೆ ಅದು ಬರಲೇ ಇಲ್ಲ; ಆದ್ದರಿಂದ ಇದು ಕಳವಲ್ಲ ಎಂದು ನ್ಯಾಯಾಧೀಶರು ಹೇಳಿದರು. ಲಂಡನ್ನಿನ ಸಾಹುಕಾರರಿಗೆ ಎದೆ ನಡುಗಿತು. ಅದೇ ವರ್ಷ ಪಾರ್ಲಿಮೆಂಟು ಎಂಬೆಜಲ್‌ಮೆಂಟಿನ ಕಾಯಿದೆಯನ್ನು ಮಾಡಿಬಿಟ್ಟಿತು. ಯಾರ ಮೇಲೆ? ಗುಮಾಸ್ತರು ಮತ್ತು ಆಳುಗಳ ಮೇಲೆ. ಆಳು ಧಣಿಯ ಹಣ ನುಂಗಿದರೆ ಶಿಕ್ಷೆ. ನಂಬಿ ಒಪ್ಪಿಸಿದ ಆಸ್ತಿಯನ್ನು ನುಂಗುವ ಟ್ರಸ್ಟಿ ಮಹಾಶಯರನ್ನು ಹಿಡಿಯುವ ಕಾಯಿದೆ ಬರಲು 1857ರವರೆಗೆ ಕಾಯಬೇಕಾಯಿತು. ಆಳಿಗೆ ಒಂದೇ ವರ್ಷದಲ್ಲಿ ಮಾತು ಸಿದ್ಧವಾಯಿತು, ಟ್ರಸ್ಟಿಗೆ ಮತ್ತೆ ಐವತ್ತೆಂಟು ವರ್ಷ ಬೇಕಾಯಿತು.

ನೇಯುವವರ ಪಾಡು ಇನ್ನೂ ಹಳೆಯದು. ಇಂಗ್ಲೆಂಡಿನ ಉಣ್ಣೆಯ ಸೀಮೆಯಲ್ಲಿ ವರ್ತಕ ನೂಲು ಕೊಡುತ್ತಿದ್ದ, ನೇಕಾರ ಮನೆಯಲ್ಲಿ ನೇದು ಕೊಡುತ್ತಿದ್ದ. ಬಟ್ಟೆ ಇಳಿಸಿದ ಮೇಲೆ ಹಾಸಿನ ಕೊನೆಯಲ್ಲಿ ಮಗ್ಗಕ್ಕೆ ಅಂಟಿಕೊಂಡು ಉಳಿಯುವ ನೂಲಿನ ತುಂಡುಗಳು ತನ್ನವೆಂದು ನೇಕಾರ ಭಾವಿಸಿದ್ದ. ಅದು ತಲೆತಲಾಂತರದ ಪದ್ಧತಿ, ಕೂಲಿಯ ಒಂದು ಭಾಗ. ವರ್ತಕರು ಇದನ್ನೂ ಎಂಬೆಜಲ್‌ಮೆಂಟ್ ಎಂದರು. ಗುಮಾಸ್ತರ ಕಾಯಿದೆಗಿಂತ ಮೊದಲೇ, 1777ರಲ್ಲಿ, ಉಣ್ಣೆಯ ನೂಲಿಗೆಂದೇ ಒಂದು ಕಾಯಿದೆ ಬಂದು ಇನ್‌ಸ್ಪೆಕ್ಟರುಗಳು ನೇಮಕವಾದರು. ನೂಲುವ ಹೆಂಗಸರ, ನೇಯುವ ಗಂಡಸರ ಮನೆಗಳಿಗೆ ನುಗ್ಗಿ ನೂಲು ಹುಡುಕುವ ಅಧಿಕಾರ ಸಿಕ್ಕಿತು. ನಿನ್ನೆ ಮಾಮೂಲು ಎನಿಸಿಕೊಂಡದ್ದು ಇಂದು ಅಪರಾಧ. ಮನುಷ್ಯ ಅದೇ, ನೂಲು ಅದೇ, ಬದಲಾದದ್ದು ಮಾತು. ಕೈ ಒರೆಸಲು ವೇಸ್ಟು ಹತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಬಂದವನನ್ನು ಗೇಟಿನಲ್ಲಿ ತಡೆದು ನಿಲ್ಲಿಸುವುದನ್ನು ಕಂಡವರಿಗೆ ಈ ಕಥೆ ಬಹಳ ದೂರದ್ದೆನಿಸುವುದಿಲ್ಲ.

ಶಿಕ್ಷೆಯಾದರೂ ಎಂಥದು! ಹನ್ನೆರಡು ಪೆನ್ನಿಗಿಂತ ಹೆಚ್ಚು ಬೆಲೆಯ ಮಾಲು ಕದ್ದರೆ ಗ್ರ್ಯಾಂಡ್ ಲಾರ್ಸೆನಿ, ಅದಕ್ಕೆ ನೇಣು. ಅದರೊಳಗಾದರೆ ಪೆಟಿ ಲಾರ್ಸೆನಿ, ಅದಕ್ಕೆ ಚಾಟಿ. ಅಂಗಡಿಯಿಂದ ಐದು ಷಿಲ್ಲಿಂಗಿನ ಮಾಲು ಗುಟ್ಟಾಗಿ ಎತ್ತಿದವರಿಗೂ ಮರಣದಂಡನೆಯೆಂದು 1699ರಲ್ಲಿ ಕಾಯಿದೆಯಾಯಿತು. ಕಾಯಿದೆಗಿಂತ ಜೂರಿಯ ಜನರ ಮನಸ್ಸು ಮೆತ್ತಗೆ. ಅವರು ಮಾಲಿನ ಬೆಲೆಯನ್ನೇ ಇಳಿಸಿ, ಐದು ಷಿಲ್ಲಿಂಗಿಗೆ ಎರಡು ಪೆನ್ನಿ ಕಡಿಮೆಯೆಂದು ಬರೆದು ಎಷ್ಟೋ ಜೀವಗಳನ್ನು ಉಳಿಸಿದರು. ಗ್ರ್ಯಾಂಡು, ಪೆಟಿ ಎಂಬ ಭೇದ 1827ರಲ್ಲಿ ಹೋಯಿತು. 1968ರಲ್ಲಿ ಇಂಗ್ಲೆಂಡು ಲಾರ್ಸೆನಿ, ಎಂಬೆಜಲ್‌ಮೆಂಟ್ ಎಂಬ ಎರಡು ಹಳೆಯ ಹೆಸರುಗಳನ್ನೂ ಕಿತ್ತುಹಾಕಿ ಎಲ್ಲವನ್ನೂ ಥೆಫ್ಟ್ ಎಂಬ ಒಂದೇ ಮಾತಿಗೆ ತಂದಿತು. ಒಳ್ಳೆಯ ಕೆಲಸವೆಂದೇ ನಮ್ಮ ಅಭಿಪ್ರಾಯ.

ಆ 1799ನೆಯ ಇಸವಿಯನ್ನು ಇಷ್ಟಕ್ಕೇ ಬಿಡುವಂತಿಲ್ಲ. ಅತ್ತ ಲಂಡನ್ನಿನಲ್ಲಿ ನೂರು ಪೌಂಡಿನ ನೋಟಿಗೆ ಹೊಸ ಮಾತು ಹುಡುಕುತ್ತಿದ್ದ ವರ್ಷವೇ ಇತ್ತ ನಮ್ಮ ಶ್ರೀರಂಗಪಟ್ಟಣ ಬಿತ್ತು. ಮೇ 4ರಂದು ಕೋಟೆ ಒಡೆದು ಟೀಪು ಮಡಿದ. ಆ ರಾತ್ರಿ ಸಿಪಾಯಿಗಳು ಮನೆಮನೆ ಹೊಕ್ಕು ದೋಚಿದರು. ಇದಕ್ಕೆ ಇಂಗ್ಲಿಷಿನಲ್ಲಿ ಪ್ಲಂಡರ್ ಎಂದು ಹೆಸರು. ಊರನ್ನು ಹತೋಟಿಗೆ ತರಲು ಬಂದ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ನೇಣಿಗೇರಿಸಿದ, ಹಲವರಿಗೆ ಚಾಟಿಯಲ್ಲಿ ಹೊಡೆಸಿದ. ಸರಿ. ಆಮೇಲೆ ಅರಮನೆಯ ಭಂಡಾರವನ್ನು ಏನು ಮಾಡಿದರು? ಒಂದು ಸಮಿತಿ ಕುಳಿತು, ಪಟ್ಟಿ ಬರೆದು, ಬೆಲೆ ಕಟ್ಟಿ, ದರ್ಜೆಯ ಪ್ರಕಾರ ಹಂಚಿಕೊಂಡಿತು. ಸೇನಾಪತಿ ಹ್ಯಾರಿಸನ ಪಾಲಿಗೆ ಬಂದದ್ದು ಒಂದು ಲಕ್ಷ ನಲವತ್ತು ಸಾವಿರ ಪೌಂಡಿಗೂ ಮೀರಿ. ಸಾಮಾನ್ಯ ಸಿಪಾಯಿಗೆ ಬೆರಳಲ್ಲಿ ಎಣಿಸುವಷ್ಟು ಪೌಂಡು. ಇದರ ಹೆಸರು ಪ್ಲಂಡರ್ ಅಲ್ಲ. ಇದರ ಹೆಸರು ಪ್ರೈಜ್. ಶಾಲೆಯ ವಾರ್ಷಿಕೋತ್ಸವದಲ್ಲಿ ಓಟದಲ್ಲಿ ಗೆದ್ದ ಹುಡುಗನಿಗೆ ಕೊಡುವ ಬಹುಮಾನಕ್ಕೂ ಬರೆಯುವುದು ಅದೇ ಅಕ್ಷರಗಳನ್ನು. ಟೀಪುವಿನ ಮರದ ಹುಲಿಯೂ ಆ ಪ್ರೈಜಿನಲ್ಲಿ ಸೇರಿ ಲಂಡನ್ನಿಗೆ ಹೋಯಿತು. ಇಂದು ಅದು ಅಲ್ಲಿಯ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಒಬ್ಬೊಬ್ಬನೇ ಕತ್ತಲಲ್ಲಿ ತೆಗೆದುಕೊಂಡರೆ ನೇಣು, ಸಮಿತಿ ಹಗಲಿನಲ್ಲಿ ತೆಗೆದುಕೊಂಡರೆ ಬಹುಮಾನ! ಇದಕ್ಕೂ ಮುಂಚೆ ಬಂಗಾಳದಲ್ಲಿ, 1757ರ ಪ್ಲಾಸಿಯ ನಂತರ, ಕ್ಲೈವ್ ಪಡೆದದ್ದು ಎರಡು ಲಕ್ಷ ಪೌಂಡಿಗೂ ಹೆಚ್ಚು. ಅದಕ್ಕೆ ಇಟ್ಟ ಹೆಸರು ಪ್ರೆಸೆಂಟ್, ಅಂದರೆ ಉಡುಗೊರೆ. 1773ರಲ್ಲಿ ಅವರ ಪಾರ್ಲಿಮೆಂಟು ವಿಚಾರಣೆ ನಡೆಸಿ, ಹಣ ಪಡೆದದ್ದು ಹೌದು, ಆದರೆ ದೇಶಕ್ಕೆ ದೊಡ್ಡ ಸೇವೆ ಮಾಡಿದ್ದಾನೆ ಎಂದು ನಿರ್ಣಯ ಮಾಡಿ ಬಿಟ್ಟಿತು.

ಅವರು ಹೋದರು, ಮಾತುಗಳು ಇಲ್ಲಿಯೇ ಉಳಿದುವು. ಕಾಯಿದೆಯ ಪುಸ್ತಕವನ್ನು ಸುಮ್ಮನೆ ಬಯ್ಯುವುದು ಸರಿಯಲ್ಲ. ಕಾಗದದ ಮೇಲೆ ಅದು ದೊಡ್ಡವರಿಗೆ ಕಠಿಣವಾಗಿಯೇ ಇದೆ. ಸಾಧಾರಣ ಕಳವಿಗೆ ಮೂರು ವರ್ಷದವರೆಗೆ ಸಜೆ. ಐದು ಸಾವಿರ ರೂಪಾಯಿಯೊಳಗಿನ ಮಾಲು, ಮೊದಲನೆಯ ಸಲ, ಹಿಂದಕ್ಕೆ ಕೊಟ್ಟರೆ ಸಮುದಾಯ ಸೇವೆ ಸಾಕೆಂದು ಹೊಸ ಸಂಹಿತೆ ಹೇಳುತ್ತದೆ. ಆಳು ಅಥವಾ ಗುಮಾಸ್ತ ಧಣಿಯ ಮಾಲು ಕದ್ದರೆ ಏಳು ವರ್ಷ. ಸರಕಾರಿ ನೌಕರ, ಬ್ಯಾಂಕರು, ಏಜೆಂಟು ನಂಬಿಕೆದ್ರೋಹ ಮಾಡಿದರೆ ಹತ್ತು ವರ್ಷ ಅಥವಾ ಜೀವಾವಧಿ. ಹಾಗಾದರೆ ದೊಡ್ಡವರು ತಪ್ಪಿಸಿಕೊಳ್ಳುವುದೆಲ್ಲಿ? ಮಾತಿನ ಆಯ್ಕೆಯಲ್ಲಿ. ಕಾಯಿದೆಯ ಮಾತು ಅವರ ಹತ್ತಿರ ಬರುವುದಕ್ಕೆ ಮೊದಲೇ ಬೇರೊಂದು ಮಾತು ಬಂದು ಕುಳಿತಿರುತ್ತದೆ. ಲೆಕ್ಕದಲ್ಲಿ ಹಣವಿಲ್ಲದಿದ್ದರೆ ಇರೆಗ್ಯುಲಾರಿಟಿ. ಸಾಲ ತೀರಿಸದಿದ್ದರೆ ಡಿಫಾಲ್ಟ್. ಶಕ್ತಿಯಿದ್ದೂ ತೀರಿಸದವನು ವಿಲ್‌ಫುಲ್ ಡಿಫಾಲ್ಟರ್. 2016ರ ದಿವಾಳಿ ಸಂಹಿತೆ ಬಂದ ಮೇಲೆ, ಬ್ಯಾಂಕು ನೂರಕ್ಕೆ ಎಷ್ಟು ಕಳೆದುಕೊಳ್ಳುತ್ತದೋ ಅದನ್ನು ಹೇರ್‌ಕಟ್ ಎನ್ನುತ್ತಾರೆ, ಅಂದರೆ ಕ್ಷೌರ! ಉಂಡೂ ಹೋದ ಕೊಂಡೂ ಹೋದ ಎಂದು ನಾವು ಹೇಳುವ ಕಡೆ ಅವರು ಕ್ಷೌರ ಎನ್ನುತ್ತಾರೆ. ಯಾರ ತಲೆ ಬೋಳಾಯಿತೆಂದು ಠೇವಣಿ ಇಟ್ಟವರು ತಲೆ ಮುಟ್ಟಿ ನೋಡಿಕೊಳ್ಳಬೇಕು. ವ್ಯಾಪಾರ ನಷ್ಟವಾಗಿ ಸಾಲ ತೀರಿಸಲಾರದವನನ್ನು ಕಳ್ಳನೆಂದು ನಾವು ಕರೆಯುವುದಿಲ್ಲ. ಆ ಗತಿ ಬಂದ ಸಣ್ಣ ವರ್ತಕರು ನಮ್ಮ ಪೇಟೆಯಲ್ಲಿಯೇ ಇದ್ದಾರೆ. ನಮ್ಮ ಆಕ್ಷೇಪ, ಇದ್ದೂ ಕೊಡದವನಿಗೆ ಸಿಗುವ ಮೃದುವಾದ ಮಾತಿನ ಬಗ್ಗೆ.

ಗಿರಣಿಯೊಳಗೆ ಇದೇ ಮಾತು ಹೊಟ್ಟೆಯ ಪ್ರಶ್ನೆಯಾಗುತ್ತದೆ. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಯ ಮಾದರಿ ನಿಯಮಗಳಲ್ಲಿ, ಮಾಲೀಕನ ವ್ಯವಹಾರ ಅಥವಾ ಸ್ವತ್ತಿಗೆ ಸಂಬಂಧಿಸಿದ ಕಳವು, ವಂಚನೆ, ಅಪ್ರಾಮಾಣಿಕತೆ ಇವನ್ನು ಒಂದೇ ಸಾಲಿನಲ್ಲಿ ದುರ್ನಡತೆಯೆಂದು ಬರೆದರು. ಮಾಲನ್ನು ಸರಿಯಾದ ಜಾಗದಲ್ಲಿ ಇಡಲಿಲ್ಲವೆಂಬುದು ಒಂದು ಆರೋಪ. ಅದನ್ನೇ ಥೆಫ್ಟ್ ಎಂದು ಬರೆದರೆ ಬೇರೆ ಆರೋಪ. ಮೊದಲನೆಯದಕ್ಕೆ ಎಚ್ಚರಿಕೆಯೋ ನಾಲ್ಕು ದಿನದ ಸಸ್ಪೆನ್ಷನ್ನೋ ಆಗಿ ಮುಗಿಯಬಹುದು. ಎರಡನೆಯದಕ್ಕೆ ಕೆಲಸ ಹೋಗುತ್ತದೆ, ಅದರ ಜೊತೆಗೆ ಗ್ರಾಚ್ಯುಟಿಯೂ ಹೋಗಬಹುದು. ನೀತಿಗೆಟ್ಟ ಅಪರಾಧಕ್ಕಾಗಿ ವಜಾ ಮಾಡಿದರೆ ಗ್ರಾಚ್ಯುಟಿಯನ್ನು ಪೂರ್ತಿಯಾಗಿಯೋ ಭಾಗಶಃವೋ ತಡೆಯಬಹುದೆಂಬ ನಿಯಮ 1972ರ ಕಾಯಿದೆಯಲ್ಲಿ ಬಂತು. ಅದಕ್ಕೆ ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆಯಾಗಿರಬೇಕಾದ್ದಿಲ್ಲವೆಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದ್ದರಿಂದ ಕಾರಖಾನೆಯೊಳಗಿನ ವಿಚಾರಣೆಯಲ್ಲಿ ಟೈಪು ಮಾಡಿದ ಒಂದು ಇಂಗ್ಲಿಷ್ ಮಾತಿನ ಮೇಲೆ ಇಪ್ಪತ್ತು ವರ್ಷದ ದುಡಿಮೆಯ ಗಂಟು ನಿಂತಿದೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯಲ್ಲಿ ಮಾನವೊಂದೇ ಹೋಗಿತ್ತು; ಇಲ್ಲಿ ಗಂಟೂ ಹೋಗುತ್ತದೆ.

ಇನ್ನು ತಿರುಗಿಸಿ ನೋಡಿ. ಪ್ರಾವಿಡೆಂಟ್ ಫಂಡಿನ ಕಾಯಿದೆ ಬಂದದ್ದು 1952ರಲ್ಲಿ. ಕೂಲಿಯಲ್ಲಿ ಹಣ ಮುರಿದುಕೊಂಡು ಫಂಡಿಗೆ ಕಟ್ಟದೆ ಉಳಿಸಿಕೊಂಡ ಮಾಲೀಕನಿಗೆ ಏನೆನ್ನಬೇಕು? ಗೇಟಿನ ಹತ್ತಿರ ನಿಂತು ಕೇಳಿದರೆ ಕೆಲಸಗಾರನೇ 'ಪಿ.ಎಫ್. ಬಾಕಿ ಇದೆ' ಎನ್ನುತ್ತಾನೆ. ಬಾಕಿ! ಕಿರಾಣಿ ಅಂಗಡಿಯಲ್ಲಿ ನಾವು ಉಳಿಸಿಕೊಳ್ಳುವುದು ಬಾಕಿ. ಇದು ಬಾಕಿಯಲ್ಲ. ಮುರಿದ ಹಣ ಕಾರ್ಮಿಕನದು, ಮಾಲೀಕ ಬರಿಯ ಕೈಬದಲಿ ಮಾಡುವವನು. 1973ರಲ್ಲಿ ಪೀನಲ್ ಕೋಡಿಗೆ ಒಂದು ವಿವರಣೆ ಸೇರಿಸಿ, ಹೀಗೆ ಮುರಿದು ಕಟ್ಟದ ಮಾಲೀಕ ಕ್ರಿಮಿನಲ್ ಬ್ರೀಚ್ ಆಫ್ ಟ್ರಸ್ಟ್, ಅಂದರೆ ನಂಬಿಕೆದ್ರೋಹದ ಅಪರಾಧ ಮಾಡಿದವನೆಂದು ಸ್ಪಷ್ಟಪಡಿಸಿದರು. ಎರಡು ವರ್ಷದ ನಂತರ ಇ.ಎಸ್.ಐ. ಹಣಕ್ಕೂ ಅದೇ ಮಾತು ಬಂತು. ಹೊಸ ಸಂಹಿತೆಯ 316ನೆಯ ಕಲಮಿನಲ್ಲಿ ಎರಡೂ ಇವೆ, ಐದು ವರ್ಷದವರೆಗೆ ಸಜೆಯಿದೆ. ಇಪ್ಪತ್ತೊಂದು ವರ್ಷ ಕಾದು ಪಡೆದ ಮಾತನ್ನು ನಾವೇ ಬಳಸದೆ ಬಾಕಿ ಎನ್ನುತ್ತ ಕುಳಿತರೆ ಮಾಲೀಕರಿಗೆ ಇನ್ನೇನು ಬೇಕು?

ದುಡಿಸಿಕೊಂಡು ಕೂಲಿಯನ್ನೇ ಕೊಡದಿದ್ದರೆ? ನಮ್ಮಲ್ಲಿ ಅದಿನ್ನೂ ಅಧಿಕಾರಿಯ ಮುಂದೆ ಅರ್ಜಿ ಹಾಕಿ ವಸೂಲು ಮಾಡಿಕೊಳ್ಳಬೇಕಾದ ಹಣ. ಬೇರೆ ಕಡೆ ಕಾರ್ಮಿಕರು ಇಂಗ್ಲಿಷಿನಲ್ಲಿಯೇ ಒಂದು ಹೊಸ ಮಾತನ್ನು ಹುಟ್ಟುಹಾಕಿದ್ದಾರೆ: ವೇಜ್ ಥೆಫ್ಟ್, ಕೂಲಿಗಳವು. ನ್ಯೂಯಾರ್ಕ್ ಸಂಸ್ಥಾನದಲ್ಲಿ 2010ರಲ್ಲಿ ಈ ಹೆಸರಿನಲ್ಲಿಯೇ ಕಾಯಿದೆಯಾಯಿತು. ಆಸ್ಟ್ರೇಲಿಯಾದಲ್ಲಿ 2025ರ ಜನವರಿ 1ರಿಂದ, ಬೇಕೆಂದೇ ಸಂಬಳ ಕಡಿಮೆ ಕೊಡುವುದು ಕ್ರಿಮಿನಲ್ ಅಪರಾಧ. ಥೆಫ್ಟ್ ಎಂಬ ಮಾತು ಮೇಲಕ್ಕೂ ಹತ್ತಬಲ್ಲದು ಎಂದಾಯಿತು.

ಅಂಗಡಿಯ ಬಂಧುಗಳಿಗೂ ಎರಡು ಮಾತು. ಉದ್ದರಿ ಕೊಟ್ಟ ಮಾಲಿನ ಹಣ ಬಾರದಿದ್ದರೆ ಅದು ಬರಿಯ ಸಾಲ, ಸಿವಿಲ್ ದಾವೆ. ನಿಮ್ಮ ಪರವಾಗಿ ಮಾರಿಕೊಡಲು ಕಮಿಷನ್ನಿಗೆ ಒಪ್ಪಿಸಿದ ಮಾಲನ್ನು ಮಾರಿ ಹಣ ನುಂಗಿದರೆ ನಂಬಿಕೆದ್ರೋಹ. ಮೊದಲಿನಿಂದಲೂ ಕೊಡುವ ಮನಸ್ಸಿಲ್ಲದೆ ಬಣ್ಣದ ಮಾತು ಹೇಳಿ ಮಾಲು ಎತ್ತಿದ್ದರೆ ವಂಚನೆ. ಹಳೆಯ 420, ಈಗಿನ ಪುಸ್ತಕದಲ್ಲಿ 318. ಜನರ ಬಾಯಲ್ಲಿ ಅವನು ಇನ್ನೂ ಫೋರ್ ಟ್ವೆಂಟಿಯೇ, ಇರಲಿ. ಮೂರಕ್ಕೂ ಒಂದೇ ಥರ ದೂರು ಬರೆದು ಠಾಣೆಗೆ ಹೋದರೆ 'ಇದು ಸಿವಿಲ್ಲು' ಎಂದು ಹಿಂದಕ್ಕೆ ಕಳಿಸುತ್ತಾರೆ. ಮತ್ತೊಂದು: ಅಗ್ಗಕ್ಕೆ ಬಂತೆಂದು ಗುರುತಿಲ್ಲದವನಿಂದ ಹತ್ತಿ, ನೂಲು, ತಾಮ್ರದ ತಂತಿ ಕೊಳ್ಳಬೇಡಿ. ಕದ್ದ ಮಾಲೆಂದು ನಂಬಲು ಕಾರಣವಿದ್ದೂ ಕೊಂಡವನಿಗೂ ಮೂರು ವರ್ಷದವರೆಗೆ ಸಜೆಯಿದೆ.

ಚಾರ್ಜ್ ಶೀಟು ಕೈಗೆ ಬಂದವರು ಗಾಬರಿಯಾಗಬೇಡಿ, ತಿರಸ್ಕರಿಸಲೂ ಬೇಡಿ. 'ಪ್ರತಿ ತಲುಪಿದೆ, ಆರೋಪವನ್ನು ಒಪ್ಪಿಲ್ಲ' ಎಂದು ಕನ್ನಡದಲ್ಲಿ ಬರೆದು ಸಹಿ ಮಾಡಿ. ಯಾವ ಮಾತಿನಲ್ಲಿ ಆರೋಪ ಹೊರಿಸಿದ್ದಾರೆಂಬುದನ್ನು ಕನ್ನಡದಲ್ಲಿ ಕೊಡಿರೆಂದು ಕೇಳಿ. ಸ್ಟ್ಯಾಂಡಿಂಗ್ ಆರ್ಡರುಗಳನ್ನು ಕೆಲಸಗಾರರ ಭಾಷೆಯಲ್ಲಿಯೂ ಬೋರ್ಡಿಗೆ ಹಾಕಬೇಕೆಂದು 1946ರಷ್ಟು ಹಿಂದೆಯೇ ಕಾಯಿದೆ ಹೇಳಿತ್ತು, ಕೇಳುವುದರಲ್ಲಿ ಸಂಕೋಚ ಬೇಡ. ಪಿ.ಎಫ್. ಹಣವನ್ನು ಮಾಲೀಕ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪಗಾರ ಚೀಟಿಯಲ್ಲಿ ಮುರಿದ ಮೊತ್ತ ಪಾಸ್‌ಬುಕ್ಕಿನಲ್ಲಿ ಏರಿದೆಯೇ ಎಂದು ಯು.ಎ.ಎನ್. ನಂಬರು ಹಾಕಿ ಮೊಬೈಲಿನಲ್ಲಿ ನೋಡಬಹುದು. ನೋಡಲು ಬಾರದವರಿಗೆ ಮನೆಯ ಮಕ್ಕಳು ತೋರಿಸಿಕೊಡುತ್ತಾರೆ. ಏರದಿದ್ದವರು ಮೂರು ತಿಂಗಳ ಪಗಾರ ಚೀಟಿಗಳನ್ನು ತೆಗೆದುಕೊಂಡು ಭಾನುವಾರ ಬೆಳಗ್ಗೆ ಹತ್ತು ಗಂಟೆಯ ಮೇಲೆ ಪಕ್ಷದ ಕಚೇರಿಗೆ ಬನ್ನಿ. ಅರ್ಜಿಯನ್ನು ನಾವು ಬರೆದುಕೊಡುತ್ತೇವೆ. ಅದರಲ್ಲಿ ಬಾಕಿ ಎಂಬ ಮಾತು ಇರುವುದಿಲ್ಲ.